ಲೈಫ್‌ಬಾಕ್ಸ್

ಕಡಿಮೆ ಆದಾಯದ ದೇಶಗಳಲ್ಲಿ ಶಸ್ತ್ರಚಿಕಿತ್ಸೆಯನ್ನೂ ಅರಿವಳಿಕೆಯನ್ನೂ ಸುರಕ್ಷಿತಗೊಳಿಸಲು 2011ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸೇವಾ ಸಂಸ್ಥೆ. ವಿಶ್ವ ಅರಿವಳಿಕೆ ತಜ್ಞ ಸಂಘಗಳ ಒಕ್ಕೂಟ, ಗ್ರೇಟ್ ಬ್ರಿಟನ್ ಮತ್ತು ಐರ್ಲೆಂಡಿನ ಅರಿವಳಿಕೆ ತಜ್ಞರ ಸಂಘ, ಅಮೆರಿಕದ ಬಾಸ್ಟನ್ನಿನ ಬ್ರಿಗಮ್ ಅಂಡ್ ವಿಮೆನ್ಸ್ ಆಸ್ಪತ್ರೆ ಇದರ ಸ್ಥಾಪನೆಯ ಹಿಂದಿದ್ದವು. ಶಸ್ತ್ರವೈದ್ಯ, ಲೇಖಕ ಅತುಲ್ ಗವಾಂಡೆ ಸ್ಥಾಪಕ ಅಧ್ಯಕ್ಷರು. ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರುಗಳನ್ನು ಕೈಗೆಟುಕುವ ಬೆಲೆಗೆ ಬಡ ಆಸ್ಪತ್ರೆಗಳಿಗೆ ಮುಟ್ಟಿಸಿ, ಅವುಗಳ ಬಳಕೆ ಕಲಿಸುವುದು ಮೊದಲ ಕಾರ್ಯಕ್ರಮವಾಗಿತ್ತು. ಶಸ್ತ್ರಚಿಕಿತ್ಸೆಯ ಸೋಂಕು ತಡೆ, ಆಪರೇಷನ್ ಥಿಯೇಟರ್ ತಂಡದ ತರಬೇತಿ, ಬಡ ಆಸ್ಪತ್ರೆಗಳ ಸ್ಥಿತಿಗೆ ಒಗ್ಗುವ ಉಪಕರಣಗಳ ತಯಾರಿ ಆಮೇಲೆ ಸೇರಿಕೊಂಡವು. ಸಂಸ್ಥೆ ಆಸ್ಪತ್ರೆ ಕಟ್ಟುವುದಿಲ್ಲ, ವಿದೇಶಿ ಸರ್ಜನ್ನರನ್ನು ಕಳಿಸಿ ಆಪರೇಷನ್ ಮಾಡಿಸುವುದೂ ಇಲ್ಲ. ಸ್ಥಳೀಯರು ಈಗಾಗಲೇ ಮಾಡುತ್ತಿರುವ ಆಪರೇಷನ್ನಿನಲ್ಲಿ ರೋಗಿ ಸಾಯಬಾರದು ಎಂಬುದು ಅದು ಆಯ್ದುಕೊಂಡ ಕಿರಿದಾದ ಕ್ಷೇತ್ರ.

ಹಿನ್ನೆಲೆ

ಬಡವರ ಆರೋಗ್ಯವೆಂದರೆ ಲಸಿಕೆ, ಸೊಳ್ಳೆಪರದೆ, ಶುದ್ಧ ನೀರು, ಕ್ಷಯ ಮತ್ತು ಮಲೇರಿಯಾದ ಮಾತ್ರೆ; ಶಸ್ತ್ರಚಿಕಿತ್ಸೆ ಉಳ್ಳವರ ಬಾಬತ್ತು. ಇಪ್ಪತ್ತನೆಯ ಶತಮಾನದ ಬಹುಭಾಗ ಅಂತರರಾಷ್ಟ್ರೀಯ ನೆರವಿನ ಲೆಕ್ಕಾಚಾರ ಹೀಗೇ ನಡೆದಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಆಗಿನ ಮಹಾನಿರ್ದೇಶಕ ಹಾಫ್‌ಡಾನ್ ಮಾಹ್ಲರ್ 1980ರಲ್ಲಿ ಮೆಕ್ಸಿಕೊ ನಗರದಲ್ಲಿ ಸೇರಿದ್ದ ಶಸ್ತ್ರವೈದ್ಯರ ಮುಂದೆ, 'ಎಲ್ಲರಿಗೂ ಆರೋಗ್ಯ' ಎಂಬ ಗುರಿಯೊಳಗೆ ಶಸ್ತ್ರಚಿಕಿತ್ಸೆಯೂ ಬರಬೇಕೆಂದು ವಾದಿಸಿದ್ದರು. ಅದಾದ ಮೇಲೂ ಎರಡೂವರೆ ದಶಕ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಸಿಸೇರಿಯನ್ ಸಿಗದೆ ಸತ್ತ ಬಾಣಂತಿ ತಾಯಂದಿರ ಮರಣದ ಲೆಕ್ಕಕ್ಕೆ ಹೋದಳು, ಮುರಿದ ತೊಡೆಮೂಳೆ ಕೂಡದೆ ಕುಂಟನಾದವನು ರಸ್ತೆ ಅಪಘಾತದ ಲೆಕ್ಕಕ್ಕೆ ಹೋದ, ಕರುಳು ತೂತಾಗಿ ಸತ್ತವನು ಟೈಫಾಯ್ಡಿನ ಲೆಕ್ಕಕ್ಕೆ ಹೋದ. ಆಪರೇಷನ್ ಇಲ್ಲದ್ದರಿಂದ ಆದ ಸಾವು ಎಂಬ ಖಾನೆಯೇ ಯಾವ ದಫ್ತರಿನಲ್ಲೂ ಇರಲಿಲ್ಲ.

ಎಣಿಕೆ ಶುರುವಾದದ್ದು 2008ರಲ್ಲಿ. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 23.4 ಕೋಟಿ ದೊಡ್ಡ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ ಎಂದು ಥಾಮಸ್ ವೈಸರ್, ಗವಾಂಡೆ ಮತ್ತು ಸಂಗಡಿಗರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಂದಾಜು ಕೊಟ್ಟರು. ವರ್ಷವೊಂದರ ಹೆರಿಗೆಗಳಿಗಿಂತಲೂ ಇದು ದೊಡ್ಡ ಸಂಖ್ಯೆ. ಜಗತ್ತಿನ ಮೂರನೇ ಒಂದು ಪಾಲಿಗೂ ಮಿಕ್ಕ ಜನರಿರುವ ಅತಿ ಬಡ ದೇಶಗಳಿಗೆ ಅದರಲ್ಲಿ ಸಿಕ್ಕಿದ್ದು ನೂರಕ್ಕೆ 3.5 ಮಾತ್ರ. ಅದೇ ವರ್ಷ ವೈದ್ಯರಾದ ಪಾಲ್ ಫಾರ್ಮರ್ ಮತ್ತು ಜಿಮ್ ಯೋಂಗ್ ಕಿಮ್ ಶಸ್ತ್ರಚಿಕಿತ್ಸೆಯನ್ನು ಜಾಗತಿಕ ಆರೋಗ್ಯದ ಮಲಮಗುವಿಗೆ ಹೋಲಿಸಿ ಬರೆದರು. ಜಾಗತಿಕ ಶಸ್ತ್ರಚಿಕಿತ್ಸೆ ಕುರಿತ ಲ್ಯಾನ್ಸೆಟ್ ಆಯೋಗದ 2015ರ ವರದಿ ಚಿತ್ರವನ್ನು ಪೂರ್ಣಗೊಳಿಸಿತು. ಸುರಕ್ಷಿತವಾದ, ಖರ್ಚು ತಡೆದುಕೊಳ್ಳಬಹುದಾದ ಶಸ್ತ್ರಚಿಕಿತ್ಸೆ ಸಕಾಲಕ್ಕೆ ಸಿಗದವರು 500 ಕೋಟಿ. ವರ್ಷಕ್ಕೆ ಇನ್ನೂ 14.3 ಕೋಟಿ ಆಪರೇಷನ್ನುಗಳ ಕೊರತೆ. ಆಪರೇಷನ್ನಿನ ಬಿಲ್ಲು ಕಟ್ಟಿಯೇ ದಿವಾಳಿಯಾಗುವವರು ವರ್ಷಕ್ಕೆ 3.3 ಕೋಟಿ. ಆ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆಯು ಶಸ್ತ್ರಚಿಕಿತ್ಸೆ ಮತ್ತು ಅರಿವಳಿಕೆಯನ್ನು ಸಾರ್ವತ್ರಿಕ ಆರೋಗ್ಯ ಸೇವೆಯ ಭಾಗವೆಂದು ಒಪ್ಪಿ ನಿರ್ಣಯ ಅಂಗೀಕರಿಸಿತು.

ಈ ಕೊರತೆಗೆ ಸೇವಾ ಸಂಸ್ಥೆಗಳು ಬೇರೆಬೇರೆ ದಾರಿಗಳಲ್ಲಿ ಕೈಹಾಕಿವೆ. 1978ರಲ್ಲಿ ಶುರುವಾದ ಮರ್ಸಿ ಶಿಪ್ಸ್ ಇಡೀ ಆಸ್ಪತ್ರೆಯನ್ನೇ ಹಡಗಿನಲ್ಲಿಟ್ಟು ಆಫ್ರಿಕದ ಬಂದರುಗಳಿಗೆ ಒಯ್ಯುತ್ತದೆ. 1982ರ ಆಪರೇಷನ್ ಸ್ಮೈಲ್ ಸೀಳುತುಟಿಯ ಮಕ್ಕಳಿಗಾಗಿ ಸ್ವಯಂಸೇವಕ ತಂಡಗಳನ್ನು ಕಳಿಸಿ ಹೆಸರಾಯಿತು. 1999ರಲ್ಲಿ ಹುಟ್ಟಿದ ಸ್ಮೈಲ್ ಟ್ರೇನ್ ಅದೇ ಸೀಳುತುಟಿಗೆ ಸ್ಥಳೀಯ ವೈದ್ಯರನ್ನೇ ಬೆಂಬಲಿಸುವ ಮಾರ್ಗ ಹಿಡಿಯಿತು. ಕರ್ನಾಟಕವೂ ಸೇರಿ ಭಾರತದ ಅನೇಕ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಸೀಳುತುಟಿ ಶಸ್ತ್ರಚಿಕಿತ್ಸೆಯ ಹಿಂದೆ ಇದರ ಹಣವಿದೆ. 1999ರಲ್ಲೇ ಅಮೆರಿಕದ ಮೂಳೆವೈದ್ಯ ಲೂಯಿಸ್ ಜರ್ಕಲ್ ಸ್ಥಾಪಿಸಿದ ಸೈನ್ ಸಂಸ್ಥೆ, ಆಪರೇಷನ್ ನಡುವೆ ಎಕ್ಸ್‌ರೇ ತೆರೆಯಿಲ್ಲದೆಯೂ ಕೂರಿಸಬಹುದಾದ ಸರಳನ್ನು ತೊಡೆ ಮತ್ತು ಮೊಣಕಾಲ ಕೆಳಗಿನ ಮೂಳೆಮುರಿತಗಳಿಗೆ ಒದಗಿಸುತ್ತ ಬಂದಿದೆ. ಬಂದು ಹೋಗುವ ತಂಡಗಳು ನೂರಾರು ಮುಖಗಳನ್ನು ಸರಿಪಡಿಸಬಲ್ಲವು, ಆದರೆ ಮುಂದಿನ ಸೋಮವಾರ ಬೆಳಿಗ್ಗೆ ಅದೇ ಊರಿನ ಜಿಲ್ಲಾಸ್ಪತ್ರೆಯಲ್ಲಿ ನಡೆಯುವ ತುರ್ತು ಸಿಸೇರಿಯನ್ನಿಗೆ ಅವುಗಳಿಂದ ಏನೂ ಆಗುವುದಿಲ್ಲ. ಲೈಫ್‌ಬಾಕ್ಸ್ ಹಿಡಿದದ್ದು ಆ ಸೋಮವಾರ ಬೆಳಗಿನ ಕೆಲಸವನ್ನು.

ಅರಿವಳಿಕೆ ಮತ್ತು ಬೆರಳ ತುದಿಯ ಬೆಳಕು

ರೋಗಿಗೆ ಎಚ್ಚರ ತಪ್ಪಿಸಿದ ಕ್ಷಣದಿಂದ ಅವನ ಉಸಿರಿನ ಹೊಣೆ ಇನ್ನೊಬ್ಬರದು. ಗಂಟಲಲ್ಲಿಳಿಸಿದ ನಳಿಕೆ ಶ್ವಾಸನಾಳದ ಬದಲು ಅನ್ನನಾಳ ಸೇರಬಹುದು, ಮಡಚಿಕೊಳ್ಳಬಹುದು, ಕಳಚಿಕೊಳ್ಳಬಹುದು. ಆಮ್ಲಜನಕದ ಸಿಲಿಂಡರ್ ಬರಿದಾಗಬಹುದು. ಯಾವುದಾದರೂ ಆದರೆ ಮೆದುಳಿಗೆ ಉಳಿದಿರುವುದು ಕೆಲವೇ ನಿಮಿಷ. ಹಿಂದಿನವರು ತುಟಿ, ಉಗುರು ನೀಲಿಗಟ್ಟುವುದನ್ನು ನೋಡಿ ಅಪಾಯ ಗುರುತಿಸುತ್ತಿದ್ದರು. ತೊಂದರೆಯೆಂದರೆ, ನೀಲಿ ಬಣ್ಣ ಕಣ್ಣಿಗೆ ಸ್ಪಷ್ಟವಾಗುವ ಹೊತ್ತಿಗೆ ರಕ್ತದ ಆಮ್ಲಜನಕ ಮಟ್ಟ ನೂರಕ್ಕೆ 80ರ ಆಸುಪಾಸಿಗೆ ಕುಸಿದಿರುತ್ತದೆ. ಮಂದ ಬೆಳಕಿನ ಕೋಣೆ, ಕಪ್ಪು ಚರ್ಮ, ರಕ್ತಹೀನತೆ ಮೂರೂ ಸೇರಿದರೆ ಆ ಬಣ್ಣ ಕಾಣುವುದೇ ಇಲ್ಲ. ಆಫ್ರಿಕದ ಅನೇಕ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರೂ ಸೇರಿಯೇ ಇರುತ್ತವೆ.

ಇದಕ್ಕೆ ಪರಿಹಾರ ಸಿಕ್ಕಿದ್ದು ಜಪಾನಿನಲ್ಲಿ. ನಿಹಾನ್ ಕೋಡೆನ್ ಕಂಪನಿಯ ಎಂಜಿನಿಯರ್ ತಕುವೊ ಅಯೊಯಾಗಿ 1970ರ ದಶಕದ ಆರಂಭದಲ್ಲಿ ಹೃದಯ ಎಷ್ಟು ರಕ್ತ ಹೊರದೂಡುತ್ತದೆ ಎಂದು ಬೆಳಕಿನ ಮೂಲಕ ಅಳೆಯಲು ಹೊರಟಿದ್ದರು. ನಾಡಿಯ ಏರಿಳಿತ ಅಳತೆಯನ್ನು ಕೆಡಿಸುತ್ತಿತ್ತು. ಅದನ್ನು ಹೇಗಾದರೂ ತೊಡೆದುಹಾಕಬೇಕೆಂದು ಹೆಣಗುತ್ತಿದ್ದಾಗ, ತಾವು ತೊಡೆಯುತ್ತಿರುವ ಆ ಏರಿಳಿತದಲ್ಲೇ ಅಪಧಮನಿಯ ರಕ್ತದ ಆಮ್ಲಜನಕದ ಲೆಕ್ಕ ಅಡಗಿದೆ ಎಂದು ಅವರಿಗೆ ಹೊಳೆಯಿತು. ಆಮ್ಲಜನಕ ತುಂಬಿದ ಹಿಮೋಗ್ಲೋಬಿನ್ ಅವಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ, ಆಮ್ಲಜನಕ ಕಳೆದುಕೊಂಡದ್ದು ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಎರಡೂ ಬೆಳಕನ್ನು ಬೆರಳಿನೊಳಗೆ ಹಾಯಿಸಿ, ನಾಡಿಯೊಂದಿಗೆ ಬಡಿದುಕೊಳ್ಳುವ ಭಾಗವನ್ನಷ್ಟೇ ಹೋಲಿಸಿ ನೋಡಿದರೆ ಉತ್ತರ ಸಿಗುತ್ತದೆ. 1974ರಲ್ಲಿ ಪಲ್ಸ್ ಆಕ್ಸಿಮೀಟರಿನ ಈ ತತ್ವ ಪ್ರಕಟವಾಯಿತು. ಅಯೊಯಾಗಿ ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ಅಂದರೆ ಅವರ ಉಪಕರಣ ಕೋವಿಡ್ ದೆಸೆಯಿಂದ ಮನೆಮನೆ ಸೇರುತ್ತಿದ್ದ ದಿನಗಳಲ್ಲಿ.

ಕೋವಿಡ್ ಕಾಲದಲ್ಲಿ ಮೆಡಿಕಲ್ ಸ್ಟೋರಿನಿಂದ ತಂದ ಪುಟ್ಟ ಕ್ಲಿಪ್ಪು ಅಂಕಿಯನ್ನಷ್ಟೇ ತೋರಿಸುತ್ತಿತ್ತು. ಥಿಯೇಟರಿನ ಆಕ್ಸಿಮೀಟರಿಗೆ ಅದಕ್ಕಿಂತ ಮುಖ್ಯವಾದ ಗುಣವೊಂದಿದೆ, ಅದರ ದನಿ. ನಾಡಿ ಬಡಿದಾಗಲೆಲ್ಲ ಅದು ಟಿಕ್ ಎನ್ನುತ್ತದೆ, ಆಮ್ಲಜನಕ ಇಳಿದಂತೆ ಆ ಟಿಕ್ಕಿನ ಸ್ವರವೂ ಇಳಿಯುತ್ತದೆ. ಸರ್ಜನ್ನಿನ ಕಣ್ಣು ಗಾಯದ ಮೇಲಿರುತ್ತದೆ, ಅರಿವಳಿಕೆ ಕೊಡುವವರ ಕೈ ಮುಖವಾಡದ ಮೇಲಿರುತ್ತದೆ, ನರ್ಸು ದಾರ ಪೋಣಿಸುತ್ತಿರುತ್ತಾರೆ. ಎಲ್ಲರ ಕಿವಿಯೂ ಬಿಡುವಾಗಿರುತ್ತದೆ. ಸ್ವರ ಒಂದು ಮೆಟ್ಟಿಲು ಇಳಿದರೆ ಪರದೆಯತ್ತ ತಿರುಗದೆಯೇ ಕೋಣೆಯಲ್ಲಿರುವವರೆಲ್ಲ ತಲೆ ಎತ್ತುತ್ತಾರೆ. ಆ ಮೇಲಿನ ಒಂದೆರಡು ನಿಮಿಷದಲ್ಲಿ ಏನು ಮಾಡಬೇಕು ಎಂಬುದೇ ಲೈಫ್‌ಬಾಕ್ಸ್ ತರಬೇತಿಯ ತಿರುಳು: ಮೊದಲು ಆಮ್ಲಜನಕ ಹೆಚ್ಚಿಸು, ಆಮೇಲೆ ಶ್ವಾಸಮಾರ್ಗ ತೆರೆದಿದೆಯೇ ನೋಡು, ಎದೆ ಎರಡೂ ಬದಿ ಏಳುತ್ತಿದೆಯೇ ಗಮನಿಸು, ರಕ್ತಸಂಚಾರ ನೋಡು, ಕೊಟ್ಟ ಔಷಧಿ ಯೋಚಿಸು, ಕೊನೆಗೆ ಯಂತ್ರವನ್ನು ಅನುಮಾನಿಸು. ಕೆಲಸಕ್ಕೆ ಹೊಸಬರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಅಂಕಿ ಕೆಟ್ಟದ್ದು ಬಂದರೆ ಮೊದಲು ಕ್ಲಿಪ್ಪನ್ನೇ ಬೇರೆ ಬೆರಳಿಗೆ ಹಾಕಿ ನೋಡುತ್ತಾರೆ. ರೋಗಿಯ ಪಾಲಿಗೆ ಆ ಹೊತ್ತು ತುಂಬ ದುಬಾರಿ.

ಶ್ರೀಮಂತ ದೇಶಗಳೂ ಈ ಪಾಠವನ್ನು ಹುಟ್ಟುತ್ತಲೇ ಕಲಿತು ಬಂದವಲ್ಲ. ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ 1948ರಿಂದ 1952ರವರೆಗಿನ ಸುಮಾರು 6 ಲಕ್ಷ ಪ್ರಕರಣಗಳನ್ನು ಜಾಲಾಡಿದ ಸಂಶೋಧಕರಾದ ಬೀಚರ್ ಮತ್ತು ಟಾಡ್, ಅರಿವಳಿಕೆಯಿಂದಾದ ಸಾವು 1,560ಕ್ಕೆ ಒಂದು ಎಂದು 1954ರಲ್ಲಿ ವರದಿ ಮಾಡಿದ್ದರು. 1986ರಲ್ಲಿ ಹಾರ್ವರ್ಡ್ ಆಸ್ಪತ್ರೆಗಳು ಅರಿವಳಿಕೆಯ ನಿಗಾ ನಿಯಮಗಳನ್ನು ಕಡ್ಡಾಯ ಮಾಡಿದವು, ಮುಂದಿನ ಕೆಲವೇ ವರ್ಷಗಳಲ್ಲಿ ಆಕ್ಸಿಮೀಟರ್ ಇಲ್ಲದ ಥಿಯೇಟರ್ ಆ ದೇಶದಲ್ಲಿ ಇಲ್ಲವಾಯಿತು. ಇಂದು ಅಲ್ಲಿ ಅಂಥ ಸಾವು ಲಕ್ಷಕ್ಕೊಂದೂ ಇಲ್ಲವೆಂಬುದು ಸಾಮಾನ್ಯ ಅಂದಾಜು. ಪಶ್ಚಿಮ ಆಫ್ರಿಕದ ಟೋಗೋದಲ್ಲಿ 2005ರಲ್ಲಿ ಪ್ರಕಟವಾದ ಅಧ್ಯಯನ ಕೊಟ್ಟ ಅಂಕಿ 133ಕ್ಕೆ ಒಂದು. ಅಳತೆಯ ವಿಧಾನಗಳು ಒಂದೇ ಅಲ್ಲವೆಂದು ಒಪ್ಪಿಕೊಂಡರೂ, ಇಪ್ಪತ್ತೊಂದನೆಯ ಶತಮಾನದ ಟೋಗೋ ರೋಗಿ 1950ರ ಅಮೆರಿಕದ ರೋಗಿಗಿಂತ ಎಷ್ಟೋ ಪಟ್ಟು ಹೆಚ್ಚಿನ ಅಪಾಯದಲ್ಲಿ ಮೇಜಿನ ಮೇಲೆ ಮಲಗುತ್ತಿದ್ದ ಎಂಬುದು ನಿಜ. ಜಗತ್ತಿನ ಸುಮಾರು 77,700 ಥಿಯೇಟರುಗಳಲ್ಲಿ, ಅಂದರೆ ಐದರಲ್ಲೊಂದರಲ್ಲಿ, ಆಕ್ಸಿಮೀಟರ್ ಇಲ್ಲವೆಂದು 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಮತ್ತೊಂದು ಲೇಖನ ಲೆಕ್ಕ ಹಾಕಿತು.

ತಪಾಸಣಾ ಪಟ್ಟಿಯಿಂದ ಹುಟ್ಟಿದ ಸಂಸ್ಥೆ

ಅತುಲ್ ಗವಾಂಡೆ 1965ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು. ತಂದೆ ತಾಯಿ ಇಬ್ಬರೂ ಭಾರತದಿಂದ ಹೋದ ವೈದ್ಯರು, ತಂದೆ ಮಹಾರಾಷ್ಟ್ರದ ಹಳ್ಳಿಯವರು. ಗವಾಂಡೆಯವರ ಬರವಣಿಗೆಯಲ್ಲಿ ಕರ್ನಾಟಕವೂ ಬರುತ್ತದೆ. 2003ರಲ್ಲಿ ಬಳ್ಳಾರಿ ಸೀಮೆಯಲ್ಲಿ ಪೋಲಿಯೊ ಕಾಣಿಸಿಕೊಂಡಾಗ ಲಸಿಕೆ ಕಾರ್ಯಕರ್ತರ ಹಿಂದೆ ಮನೆಮನೆ ಅಲೆದು ಬರೆದ ಅಧ್ಯಾಯ 2007ರ 'ಬೆಟರ್' ಪುಸ್ತಕದಲ್ಲಿದೆ. ಅದನ್ನು ಓದಿದವರಿಗೆ ಲೈಫ್‌ಬಾಕ್ಸ್‌ನ ಬೀಜ ಅಲ್ಲೇ ಕಾಣಿಸೀತು. ಹೊಸ ಔಷಧಿ ಕಂಡುಹಿಡಿಯುವುದಕ್ಕಿಂತ ಗೊತ್ತಿರುವ ಔಷಧಿಯನ್ನು ಕೊನೆಯ ಮನೆಯ ಕೊನೆಯ ಮಗುವಿಗೆ ತಪ್ಪದೆ ಮುಟ್ಟಿಸುವ ಶಿಸ್ತು ಅವರನ್ನು ಹೆಚ್ಚು ಸೆಳೆದಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಶಸ್ತ್ರಚಿಕಿತ್ಸೆ ಕಾರ್ಯಕ್ರಮದ ನೇತೃತ್ವ ಅವರಿಗೆ ಬಂತು. 2008ರ ಜೂನ್‌ನಲ್ಲಿ ಹೊರಬಂದದ್ದು 19 ಅಂಶಗಳ, ಒಂದೇ ಪುಟದ ತಪಾಸಣಾ ಪಟ್ಟಿ. ಅರಿವಳಿಕೆ ಕೊಡುವ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿ ಥಿಯೇಟರ್ ಬಿಡುವ ಮುನ್ನ ತಂಡ ಮೂರು ಸಲ ನಿಲ್ಲಬೇಕು, ಜೋರಾಗಿ ಓದಬೇಕು. ರೋಗಿ ಯಾರು, ಯಾವ ಬದಿ, ಯಾವ ಆಪರೇಷನ್, ಆಂಟಿಬಯೊಟಿಕ್ ಕೊಟ್ಟಾಯಿತೇ, ರಕ್ತ ಸಿದ್ಧವಿದೆಯೇ, ಬಟ್ಟೆ ಸೂಜಿಗಳ ಲೆಕ್ಕ ಸರಿಯಿದೆಯೇ. ತಂಡದವರು ಒಬ್ಬರಿಗೊಬ್ಬರು ಹೆಸರು ಹೇಳಿ ಪರಿಚಯಿಸಿಕೊಳ್ಳುವುದೂ ಪಟ್ಟಿಯಲ್ಲಿದೆ. ಹಿರಿಯ ಸರ್ಜನ್ನರಿಗೆ ಇದು ಬಾಲಿಶ ಅನಿಸಿತ್ತು, ಆದರೆ ಹೆಸರು ಹೇಳಿ ಒಮ್ಮೆ ಬಾಯಿಬಿಟ್ಟ ಕಿರಿಯ ನರ್ಸು ಮುಂದೆ ತಪ್ಪು ಕಂಡಾಗಲೂ ಬಾಯಿಬಿಡುವ ಸಂಭವ ಹೆಚ್ಚು. ದೆಹಲಿ, ಮನಿಲಾ, ಅಮ್ಮಾನ್, ಟಾಂಜಾನಿಯಾದ ಇಫಕಾರಾ, ಟೊರಾಂಟೊ, ಸಿಯಾಟಲ್, ಲಂಡನ್, ಆಕ್ಲೆಂಡ್ ಹೀಗೆ ಎಂಟು ಊರುಗಳ ಆಸ್ಪತ್ರೆಗಳಲ್ಲಿ ಪಟ್ಟಿಯನ್ನು ಪರೀಕ್ಷಿಸಲಾಯಿತು. ಸಾವು ನೂರಕ್ಕೆ 1.5ರಿಂದ 0.8ಕ್ಕೆ, ತೊಡಕುಗಳು 11ರಿಂದ 7ಕ್ಕೆ ಇಳಿದವೆಂದು 2009ರ ಜನವರಿಯಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿತು.

ಪಟ್ಟಿಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಪಲ್ಸ್ ಆಕ್ಸಿಮೀಟರ್ ರೋಗಿಗೆ ಹಾಕಿದೆಯೇ, ಕೆಲಸ ಮಾಡುತ್ತಿದೆಯೇ? ಉಳಿದ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಕಾಸಿನ ಖರ್ಚಿಲ್ಲ. ಇದಕ್ಕೆ ಮಾತ್ರ ಯಂತ್ರವೇ ಬೇಕು. ಯಂತ್ರವಿಲ್ಲದ ಹತ್ತಾರು ಸಾವಿರ ಥಿಯೇಟರುಗಳಿಗೆ ಆ ಪ್ರಶ್ನೆ ಕಳಿಸುವುದು ಅಣಕದಂತಾಗುತ್ತಿತ್ತು. ಲೈಫ್‌ಬಾಕ್ಸ್ ಹುಟ್ಟಿದ್ದು ಈ ಒಂದು ಖಾನೆಯನ್ನು ತುಂಬಲು.

ಯಂತ್ರ ಮತ್ತು ತರಬೇತಿ

ಅಡಿಪಾಯ ಅದಾಗಲೇ ಬಿದ್ದಿತ್ತು. ಅರಿವಳಿಕೆ ತಜ್ಞರ ಸಂಘಟನೆಗಳು ಜಿಇ ಹೆಲ್ತ್‌ಕೇರ್ ಜೊತೆಗೂಡಿ ಉಗಾಂಡಾ, ವಿಯೆಟ್ನಾಂ, ಫಿಲಿಪೀನ್ಸ್ ಮತ್ತು ಭಾರತದಲ್ಲಿ ಜಾಗತಿಕ ಆಕ್ಸಿಮೆಟ್ರಿ ಎಂಬ ಪ್ರಾಯೋಗಿಕ ಯೋಜನೆ ನಡೆಸಿದ್ದವು. ಇಯಾನ್ ವಿಲ್ಸನ್, ಇಸಬೊ ವಾಕರ್, ನ್ಯೂಜಿಲೆಂಡಿನ ಅಲನ್ ಮೆರ್ರಿ, ಕೆನಡಾದ ಏಂಜೆಲಾ ಎನ್‌ರೈಟ್ ಮೊದಲಾದ ಅರಿವಳಿಕೆ ತಜ್ಞರು ಅದರಿಂದ ಕಲಿತದ್ದನ್ನು ಹೊಸ ಸಂಸ್ಥೆಗೆ ತಂದರು. ಸರ್ಜನ್ನಿನ ಹೆಸರು ಮುಂದೆ ಕಂಡರೂ ಲೈಫ್‌ಬಾಕ್ಸ್‌ನ ಮೂಲ ಅರಿವಳಿಕೆಯವರ ಸಾಧನೆ. ಥಿಯೇಟರಿನೊಳಗೂ ಕೀರ್ತಿಯ ಹಂಚಿಕೆ ಹೀಗೇ ಇರುತ್ತದೆಂದು ಅವರು ನಗುವುದುಂಟು.

ಯಂತ್ರ ಹೇಗಿರಬೇಕು ಎಂಬ ವಿವರಗಳನ್ನು ಮೊದಲೇ ಬರೆದಿಟ್ಟು, ತಯಾರಕರಿಂದ ಟೆಂಡರ್ ಕರೆಯಲಾಯಿತು. ಕರೆಂಟು ಹೋದರೂ ಗಂಟೆಗಟ್ಟಲೆ ನಡೆಯುವ ರೀಚಾರ್ಜ್ ಬ್ಯಾಟರಿ, ಕೆಳಗೆ ಬಿದ್ದರೂ ತಡೆಯುವ ಮೈ, ದೊಡ್ಡವರಿಗೂ ಮಕ್ಕಳಿಗೂ ಹೊಂದುವ ಸೆನ್ಸರ್, ಇಳಿಯುವ ಸ್ವರ ಮತ್ತು ಎಚ್ಚರಿಕೆಯ ಗಂಟೆ. ಆಯ್ಕೆಯಾದದ್ದು ತೈವಾನಿನ ಏಕೇರ್ ಕಂಪನಿಯ ಯಂತ್ರ. ತರಬೇತಿ ಸಾಮಗ್ರಿಯೂ ಸೇರಿ ಅದನ್ನು ಆಸ್ಪತ್ರೆಯ ಬಾಗಿಲಿಗೆ 250 ಡಾಲರಿಗೆ ಮುಟ್ಟಿಸುವುದು ಸಾಧ್ಯವಾಯಿತು. ಅದೇ ದರ್ಜೆಯ ಯಂತ್ರಕ್ಕೆ ಮಾರುಕಟ್ಟೆಯಲ್ಲಿ ಆಗ ಇದರ ಹಲವು ಪಟ್ಟು ಬೆಲೆಯಿತ್ತು. ಹಣವನ್ನು ದಾನಿಗಳು, ರೋಟರಿಯಂಥ ಸಂಘಗಳು, ಸಿರಿವಂತ ದೇಶಗಳ ಅರಿವಳಿಕೆ ತಜ್ಞರ ಸಂಘಗಳು ಕೂಡಿಸಿಕೊಟ್ಟವು. ಹೀಗೆ ನೂರಕ್ಕೂ ಹೆಚ್ಚು ದೇಶಗಳಿಗೆ ಹೋದ ಆಕ್ಸಿಮೀಟರುಗಳ ಸಂಖ್ಯೆ 30,000 ದಾಟಿದೆ.

ದಾನವಾಗಿ ಬಂದ ವೈದ್ಯಕೀಯ ಯಂತ್ರಗಳ ಗತಿ ಏನಾಗುತ್ತದೆಂದು ಬಡ ದೇಶಗಳ ಯಾವುದೇ ಸರ್ಕಾರಿ ಆಸ್ಪತ್ರೆಯ ಹಿತ್ತಲಿಗೆ ಹೋದರೆ ಕಾಣುತ್ತದೆ. ಹದಿನಾರು ದೇಶಗಳ ಸುಮಾರು ಒಂದು ಲಕ್ಷ ಉಪಕರಣಗಳ ದಾಖಲೆ ನೋಡಿದ 2011ರ ಅಧ್ಯಯನವೊಂದು ನೂರಕ್ಕೆ ಸುಮಾರು 38 ಕೆಲಸ ಮಾಡುತ್ತಿಲ್ಲವೆಂದು ಹೇಳಿತು. ಮ್ಯಾನ್ಯುಯಲ್ ಇಲ್ಲ, ಬಿಡಿಭಾಗವಿಲ್ಲ, ವೋಲ್ಟೇಜ್ ಹೊಂದುವುದಿಲ್ಲ, ಬಳಸಬಲ್ಲ ಒಬ್ಬ ಇದ್ದವನು ವರ್ಗವಾಗಿ ಹೋದ. ಲೈಫ್‌ಬಾಕ್ಸ್ ತರಬೇತಿಯಿಲ್ಲದೆ ಯಂತ್ರ ಕೊಡುವುದಿಲ್ಲವೆಂಬ ನಿಲುವು ತಳೆದದ್ದು ಇದೇ ಕಾರಣಕ್ಕೆ. ತರಬೇತಿಗೆ ಬರುವವರೂ ಹೆಚ್ಚಿನಂಶ ವೈದ್ಯರಲ್ಲ. ಪೂರ್ವ ಮತ್ತು ದಕ್ಷಿಣ ಆಫ್ರಿಕದ ಹಲವೆಡೆ ಅರಿವಳಿಕೆ ಕೊಡುವವರು ನರ್ಸುಗಳು ಅಥವಾ ಕ್ಲಿನಿಕಲ್ ಆಫೀಸರುಗಳೆಂಬ, ಕಡಿಮೆ ಅವಧಿಯ ಕೋರ್ಸು ಮುಗಿಸಿದ ಸಿಬ್ಬಂದಿ. ಒಂದು ಜಿಲ್ಲಾಸ್ಪತ್ರೆಗೆ ಒಬ್ಬರೇ ಇರುವುದೂ ಉಂಟು. ಮಲಾವಿಯಲ್ಲಿ ಇಂಥವರಿಗೆ ತರಬೇತಿಯೊಡನೆ ಆಕ್ಸಿಮೀಟರ್ ಕೊಟ್ಟ ಮೇಲೆ ಆಪರೇಷನ್ ನಡುವಿನ ಆಮ್ಲಜನಕ ಕುಸಿತದ ಪ್ರಸಂಗಗಳು ಕಡಿಮೆಯಾದವೆಂದು 2017ರಲ್ಲಿ ವರದಿಯಾಯಿತು. ಅದಕ್ಕೂ ಮುಂಚೆ ಮಾಲ್ಡೋವಾ ದೇಶದ ಕಿಶಿನಾವ್ ಆಸ್ಪತ್ರೆಯಲ್ಲಿ ತಪಾಸಣಾ ಪಟ್ಟಿ ಮತ್ತು ಆಕ್ಸಿಮೀಟರನ್ನು ಒಟ್ಟಿಗೆ ತಂದಾಗ ಶಸ್ತ್ರಚಿಕಿತ್ಸೆಯ ತೊಡಕುಗಳು ನೂರಕ್ಕೆ 21.5ರಿಂದ 8.8ಕ್ಕೆ ಇಳಿದಿದ್ದವು.

ಕ್ಲೀನ್ ಕಟ್

ಬಡ ದೇಶಗಳಲ್ಲಿ ಆಪರೇಷನ್ ಆದವರನ್ನು ಅತಿ ಹೆಚ್ಚು ಕಾಡುವ ತೊಡಕು ಗಾಯದ ಸೋಂಕು. ಲೈಫ್‌ಬಾಕ್ಸ್‌ನ ಎರಡನೆಯ ದೊಡ್ಡ ಕಾರ್ಯಕ್ರಮವಾದ ಕ್ಲೀನ್ ಕಟ್ ಇಥಿಯೋಪಿಯಾದಲ್ಲಿ ರೂಪುಗೊಂಡಿತು. ಆ ದೇಶ 2016ರಲ್ಲಿ ಸುರಕ್ಷಿತ ಶಸ್ತ್ರಚಿಕಿತ್ಸೆಗೆಂದೇ ರಾಷ್ಟ್ರೀಯ ಯೋಜನೆ ಹಾಕಿಕೊಂಡಿತ್ತು, ಹಾಗಾಗಿ ನೆಲ ಹದವಾಗಿತ್ತು. ಕ್ಲೀನ್ ಕಟ್ ಆರು ವಿಷಯಗಳನ್ನು ಹಿಡಿಯುತ್ತದೆ. ಕೈ ಮತ್ತು ಚರ್ಮದ ಶುದ್ಧಿ, ಗೌನು ಮತ್ತು ಹೊದಿಕೆ ಬಟ್ಟೆಗಳ ಸ್ಥಿತಿ, ಉಪಕರಣಗಳ ಕ್ರಿಮಿಶುದ್ಧೀಕರಣ, ಸರಿಯಾದ ಹೊತ್ತಿಗೆ ಆಂಟಿಬಯೊಟಿಕ್, ಬಟ್ಟೆತುಂಡುಗಳ ಎಣಿಕೆ, ತಪಾಸಣಾ ಪಟ್ಟಿಯ ಬಳಕೆ. ಇವು ಯಾವ ಪಠ್ಯಪುಸ್ತಕದಲ್ಲೂ ಇರುವ ವಿಷಯಗಳೇ. ಕ್ಲೀನ್ ಕಟ್‌ನ ವಿಶೇಷವಿರುವುದು ಅದು ಕೆಲಸಕ್ಕೆ ಇಳಿಯುವ ರೀತಿಯಲ್ಲಿ.

ಆಸ್ಪತ್ರೆಯ ಸರ್ಜನ್, ಅರಿವಳಿಕೆಯವರು, ನರ್ಸು, ಶುದ್ಧೀಕರಣ ಕೋಣೆಯ ಕೆಲಸಗಾರ ಒಟ್ಟಾಗಿ ಕೂತು ಒಂದೊಂದು ವಸ್ತುವಿನ ಹಾದಿಯನ್ನು ಕಾಗದದ ಮೇಲೆ ಬಿಡಿಸುತ್ತಾರೆ. ಹಸಿರು ಹೊದಿಕೆಯ ಉದಾಹರಣೆ ನೋಡಬಹುದು. ನಿನ್ನೆಯ ಆಪರೇಷನ್ನಿನ ಬಟ್ಟೆ ಧೋಬಿಖಾನೆಗೆ ಹೋಗುತ್ತದೆ, ಒಗೆದು ಒಣಗುತ್ತದೆ, ಯಾರೋ ಮಡಚಿ ಗಂಟು ಕಟ್ಟುತ್ತಾರೆ, ಗಂಟು ಹಬೆಯಿಂದ ಶುದ್ಧಗೊಳಿಸುವ ಆಟೊಕ್ಲೇವಿಗೆ ಹೋಗುತ್ತದೆ, ಮೇಲೆ ಅಂಟಿಸಿದ ಸೂಚಕ ಪಟ್ಟಿಯ ಬಣ್ಣ ಬದಲಾದರೆ ಶುದ್ಧವಾಯಿತೆಂದು ಥಿಯೇಟರಿಗೆ ಬರುತ್ತದೆ. ನಕ್ಷೆ ಬರೆಯುವಾಗ ಪ್ರಶ್ನೆಗಳು ಏಳುತ್ತವೆ. ಮಡಚುವ ಮುನ್ನ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ನೋಡುವವರು ಯಾರು? ಯಾರೂ ಇಲ್ಲ. ಗಂಟಿನ ಹೊರಗೆ ಅಂಟಿಸಿದ ಪಟ್ಟಿ ಬಣ್ಣ ತಿರುಗಿತು ಸರಿ, ಒಳಗಿನ ಬಟ್ಟೆಗೆ ಹಬೆ ಮುಟ್ಟಿತೇ? ಒಳಗೆ ಸೂಚಕವನ್ನೇ ಇಟ್ಟಿಲ್ಲ. ಆಂಟಿಬಯೊಟಿಕ್ಕಿನದೂ ಇದೇ ಕಥೆ. ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಅದು ರಕ್ತ ಸೇರಬೇಕು. ವಾರ್ಡಿನಲ್ಲಿ ಬೆಳಿಗ್ಗೆ ಏಳಕ್ಕೆ ಚುಚ್ಚಿ ಕಳಿಸಿದ ರೋಗಿಯ ಸರದಿ ಹನ್ನೊಂದಕ್ಕೆ ಬಂದರೆ, ಕೊಟ್ಟದ್ದು ದಾಖಲೆಯಲ್ಲಿ ಸರಿಯಾಗಿಯೇ ಇರುತ್ತದೆ, ಗಾಯಕ್ಕೆ ಮಾತ್ರ ಉಪಯೋಗವಿಲ್ಲ. ಚುಚ್ಚುಮದ್ದನ್ನು ವಾರ್ಡಿನಿಂದ ಥಿಯೇಟರಿಗೆ ಸ್ಥಳಾಂತರಿಸಿದರೆ ಸಾಕು. ಅದಕ್ಕೆ ಹೊಸ ಬಜೆಟ್ ಬೇಡ, ಎರಡು ವಿಭಾಗಗಳ ಒಪ್ಪಿಗೆ ಬೇಕು. ಆಸ್ಪತ್ರೆಗಳ ಒಳಗನ್ನು ಬಲ್ಲವರಿಗೆ ಯಾವುದು ಹೆಚ್ಚು ಕಷ್ಟವೆಂದು ಹೇಳಬೇಕಿಲ್ಲ.

ಇಥಿಯೋಪಿಯಾದ ಐದು ಆಸ್ಪತ್ರೆಗಳ ಫಲಿತಾಂಶ 2021ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸರ್ಜರಿಯಲ್ಲಿ ಬಂತು. ಸೋಂಕಿನ ಅಪಾಯ ನೂರಕ್ಕೆ ಸುಮಾರು 35ರಷ್ಟು ತಗ್ಗಿತ್ತು. ಕಾರ್ಯಕ್ರಮ ಆಮೇಲೆ ಮಡಗಾಸ್ಕರ್, ಲೈಬೀರಿಯಾ ಮೊದಲಾದ ದೇಶಗಳಿಗೆ ಹಬ್ಬಿತು. ಅಡಿಸ್ ಅಬಾಬಾದಲ್ಲಿ ಸಂಸ್ಥೆಯ ಕಚೇರಿಯಿದ್ದು, ತರಬೇತುದಾರರಲ್ಲಿ ಸ್ಥಳೀಯರೇ ಹೆಚ್ಚು. ನನ್ನ ಮಟ್ಟಿಗೆ ಲೈಫ್‌ಬಾಕ್ಸ್‌ನ ಅತ್ಯುತ್ತಮ ಕೆಲಸ ಇದು, ಆಕ್ಸಿಮೀಟರಿಗಿಂತಲೂ.

ಇತರ ಉಪಕರಣಗಳು

ಕರೆಂಟು ಹೋದಾಗ ಮೊಬೈಲ್ ಟಾರ್ಚಿನಲ್ಲಿ ಆಪರೇಷನ್ ಮುಗಿಸಿದ ಅನುಭವ ಬಡ ದೇಶಗಳ ಸರ್ಜನ್ನರಿಗೆ ಸಾಮಾನ್ಯ. ಅವರಿಗೆಂದು ಹಣೆಗೆ ಕಟ್ಟಿಕೊಳ್ಳುವ, ರೀಚಾರ್ಜ್ ಆಗುವ ಎಲ್‌ಇಡಿ ದೀಪವನ್ನು ಸಂಸ್ಥೆ ರೂಪಿಸಿದೆ. ಸ್ಮೈಲ್ ಟ್ರೇನ್ ಜೊತೆಗೂಡಿ ಕಡಿಮೆ ಬೆಲೆಯ ಕ್ಯಾಪ್ನೋಗ್ರಾಫನ್ನೂ ತಂದಿದೆ. ಕ್ಯಾಪ್ನೋಗ್ರಾಫ್ ಹೊರಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ. ನಳಿಕೆ ಅನ್ನನಾಳಕ್ಕೆ ಹೋಗಿದ್ದರೆ ಕೆಲವೇ ಉಸಿರುಗಳಲ್ಲಿ ತಿಳಿಸುತ್ತದೆ. ಆಕ್ಸಿಮೀಟರ್ ಅದನ್ನು ಹೇಳುವುದು ನಿಮಿಷಗಳು ಕಳೆದು ಆಮ್ಲಜನಕ ಇಳಿದ ಮೇಲೆ. ಕೋವಿಡ್ ಕಾಲದಲ್ಲಿ ಆಕ್ಸಿಮೀಟರ್ ಹಂಚಿಕೆ ಥಿಯೇಟರಿನಿಂದ ವಾರ್ಡುಗಳಿಗೂ ವಿಸ್ತರಿಸಿತು.

ಟೀಕೆ ಮತ್ತು ಮಿತಿಗಳು

ಆಕ್ಸಿಮೀಟರಿನಿಂದ ಸಾವು ತಗ್ಗುತ್ತದೆ ಎಂಬುದಕ್ಕೆ ಯಾದೃಚ್ಛಿಕ ಪ್ರಯೋಗಗಳ ಪುರಾವೆ ಇಲ್ಲವೆಂದು, ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗುವ ಕಾಕ್ರೇನ್ ಸಮೀಕ್ಷೆ ಹೇಳಿದೆ. ಡೆನ್ಮಾರ್ಕಿನಲ್ಲಿ 20,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲೂ ಆಮ್ಲಜನಕ ಕುಸಿತವನ್ನು ಹೆಚ್ಚು ಸಲ ಗುರುತಿಸಲಾಯಿತೇ ಹೊರತು ಸಾವಿನ ಲೆಕ್ಕ ಬದಲಾಗಲಿಲ್ಲ. ಆದರೆ ಅದು ಸಾವು ಮೊದಲೇ ಅಪರೂಪವಾಗಿದ್ದ, ತಜ್ಞರು ಪಕ್ಕದಲ್ಲೇ ಇದ್ದ ದೇಶ. ಒಬ್ಬ ಕ್ಲಿನಿಕಲ್ ಆಫೀಸರ್ ಏಕಾಂಗಿಯಾಗಿ ದುಡಿಯುವ ಕಡೆ ಅರ್ಧ ರೋಗಿಗಳಿಗೆ ಯಂತ್ರ ಹಾಕದೆ ಪರೀಕ್ಷಿಸಲು ಇಂದು ಯಾವ ನೀತಿ ಸಮಿತಿಯೂ ಒಪ್ಪದು. ಅರಿವಳಿಕೆಯ 2018ರ ಅಂತರರಾಷ್ಟ್ರೀಯ ಮಾನದಂಡಗಳಂತೂ ಆಕ್ಸಿಮೀಟರನ್ನು ಅತ್ಯಗತ್ಯಗಳ ಪಟ್ಟಿಯಲ್ಲೇ ಇಟ್ಟಿವೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರ. ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರ್ ಕುಸಿತವನ್ನು ಮುಚ್ಚಿಹಾಕುವ ಸಂಭವ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಎಂದು 2020ರ ಡಿಸೆಂಬರಿನಲ್ಲಿ ಅಮೆರಿಕದ ಸಂಶೋಧಕರು ತೋರಿಸಿದರು. ಆಫ್ರಿಕಕ್ಕೆ ಈ ಯಂತ್ರಗಳನ್ನು ಕಳಿಸುವ ಯಾರೂ ಇದನ್ನು ತಳ್ಳಿಹಾಕುವಂತಿಲ್ಲ.

ತಪಾಸಣಾ ಪಟ್ಟಿಯ ಕುರಿತೂ ಉತ್ಸಾಹ ತಗ್ಗಿದೆ. ಕೆನಡಾದ ಒಂಟಾರಿಯೊ ಪ್ರಾಂತ್ಯದ 101 ಆಸ್ಪತ್ರೆಗಳಲ್ಲಿ ಅದನ್ನು ಜಾರಿಗೆ ತಂದ ಮೇಲೆ ಗಮನಾರ್ಹ ಬದಲಾವಣೆಯೇನೂ ಕಾಣಲಿಲ್ಲವೆಂದು 2014ರಲ್ಲಿ ವರದಿಯಾಯಿತು. ಕರ್ನಾಟಕಕ್ಕೆ ಸಂಬಂಧಿಸಿದ ಉದಾಹರಣೆ ಇನ್ನಷ್ಟು ಯೋಚನೆಗೆ ಹಚ್ಚುವಂಥದ್ದು. ಶಸ್ತ್ರಚಿಕಿತ್ಸೆಯ ಪಟ್ಟಿಯ ಮಾದರಿಯಲ್ಲೇ ಸಿದ್ಧವಾದ ಸುರಕ್ಷಿತ ಹೆರಿಗೆಯ ಪಟ್ಟಿಯ ಮೊದಲ ಪ್ರಯೋಗಗಳಲ್ಲೊಂದು ಕರ್ನಾಟಕದ ತಾಲ್ಲೂಕು ಮಟ್ಟದ ಹೆರಿಗೆ ಕೇಂದ್ರದಲ್ಲಿ ನಡೆಯಿತು. 29 ಅಗತ್ಯ ಕ್ರಮಗಳಲ್ಲಿ ಸರಾಸರಿ 10 ಮಾತ್ರ ಪಾಲನೆಯಾಗುತ್ತಿದ್ದದ್ದು 25ಕ್ಕೆ ಏರಿತೆಂದು 2012ರಲ್ಲಿ ಪ್ರಕಟವಾಯಿತು. ಅದೇ ಪಟ್ಟಿಯನ್ನು ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ, ಒಂದೂವರೆ ಲಕ್ಷಕ್ಕೂ ಮಿಕ್ಕ ಹೆರಿಗೆಗಳಲ್ಲಿ ಒರೆಗೆ ಹಚ್ಚಿದಾಗ ಸಿಬ್ಬಂದಿಯ ಅಭ್ಯಾಸವೇನೋ ಸುಧಾರಿಸಿತು, ತಾಯಿ ಮಕ್ಕಳ ಸಾವು ಮಾತ್ರ ಇಳಿಯಲಿಲ್ಲ. ಈ 2017ರ ಫಲಿತಾಂಶವನ್ನು ಗವಾಂಡೆಯವರ ತಂಡವೇ ಮುಚ್ಚುಮರೆಯಿಲ್ಲದೆ ಪ್ರಕಟಿಸಿತು. ಕೈ ತೊಳೆಯುವುದು ನೆನಪಾಗುತ್ತದೆ, ರಕ್ತನಿಧಿ ಇಲ್ಲದ ಕಡೆ ರಕ್ತಸ್ರಾವ ನಿಲ್ಲಿಸಲು ಪಟ್ಟಿಯಿಂದ ಆಗುವುದಿಲ್ಲ.

ಲೈಫ್‌ಬಾಕ್ಸ್‌ಗೂ ಇದೇ ಗೋಡೆ ಎದುರಾಗುತ್ತದೆ. ಆಫ್ರಿಕದ 25 ದೇಶಗಳ 247 ಆಸ್ಪತ್ರೆಗಳ ಅಧ್ಯಯನ 2018ರಲ್ಲಿ ಬಂತು. ಅಲ್ಲಿನ ಶಸ್ತ್ರಚಿಕಿತ್ಸೆಯ ರೋಗಿಗಳು ಜಗತ್ತಿನ ಸರಾಸರಿಗಿಂತ ಕಿರಿಯರು, ಆರೋಗ್ಯವಂತರು, ಆದರೂ ಸಾಯುವ ಸಂಭವ ಎರಡು ಪಟ್ಟು. ಆ ಸಾವುಗಳಲ್ಲಿ ನೂರಕ್ಕೆ ಸುಮಾರು 94 ಆಪರೇಷನ್ನಿನ ದಿನ ಕಳೆದ ಮೇಲೆ ಆದವು. ಥಿಯೇಟರಿನಲ್ಲಿ ಆಕ್ಸಿಮೀಟರ್ ಕಾವಲಿರಬಹುದು. ವಾರ್ಡಿನಲ್ಲಿ ರಾತ್ರಿ ನಾಡಿ ನೋಡುವ ನರ್ಸು ಇಲ್ಲದಿರಬಹುದು. ಒಂದು ಲಕ್ಷ ಜನರಿಗೆ ಶಸ್ತ್ರಚಿಕಿತ್ಸೆ, ಅರಿವಳಿಕೆ ಮತ್ತು ಪ್ರಸೂತಿ ತಜ್ಞರು ಒಟ್ಟು 20 ಮಂದಿಯಾದರೂ ಇರಬೇಕೆಂದು ಲ್ಯಾನ್ಸೆಟ್ ಆಯೋಗ 2030ಕ್ಕೆ ಗುರಿ ಇಟ್ಟಿದೆ. ಆಫ್ರಿಕದ ಆ ಅಧ್ಯಯನದಲ್ಲಿ ಕಂಡದ್ದು ಲಕ್ಷಕ್ಕೆ 0.7.